ಸೂಜಿ ಹಾಕುವ ಮೊದಲು ಬೀಳಬೇಕು

ಆ ಸರಪಳಿ ಇನ್ನು ಹೆಣದ ಜೊತೆಗೇ ಬಿಚ್ಚುವುದು ಎಂದು ಮೊದಲು ಹೇಳಿದವನು ಪೈಲವಾನನ ಸ್ವಂತ ಅಣ್ಣ. ಕಳ್ಳಕವಟಗಿಯ ತನ್ನ ಹೊಲದಲ್ಲಿ, ಒಣದ್ರಾಕ್ಷಿ ಮಾಡುವ ಶೆಡ್ಡಿನ ಮುಂದೆ ನಿಂತು, ಕೈಯಲ್ಲಿ ಬಾರಕೋಲು ಹಿಡಿದುಕೊಂಡೇ ಹೇಳಿದ. ಆಮೇಲೆ ಹೇಳಿದವರು ವಿಜಯಪುರದ ಮನೋರೋಗ ತಜ್ಞರು. ಔಷಧಿ ಒಳಗೆ ಹೋಗದೆ ಇವನು ಸುಧಾರಿಸುವುದಿಲ್ಲ, ಒಳಗೆ ಹೋಗಲು ಇವನು ಬಿಡುವುದಿಲ್ಲ ಎಂದರು. ನಮ್ಮ ಅಟೆಂಡರ್ ಚಾಚಾ ಹೇಳಿದ್ದು ಒಡೆದ ತುಟಿಗೆ ಹತ್ತಿ ಒತ್ತಿಕೊಂಡು: "ಬ್ರದರ್, ಇದು ನಿಮ್ಮ ಯೇಸುಸ್ವಾಮಿ ಬಂದ್ರೂ ಆಗೂ ಕೆಲಸ ಅಲ್ರಿ."

ಬ್ರದರ್ ಎಂದರೆ ನಾನು. ಗಂಡಸು ನರ್ಸ್ ಆದರೆ ದವಾಖಾನೆಯಲ್ಲಿ ಹಾಗೆಯೇ ಕರೆಯುತ್ತಾರೆ. ಭೂತನಾಳದ ಹತ್ತಿರ ನಮ್ಮ ಸಭೆಯವರು ನಡೆಸುವ ಆಶ್ರಯಧಾಮದಲ್ಲಿ ಆಗ ನಾನೊಬ್ಬನೇ ಓದಿದ ನರ್ಸ್. ತಲೆ ಕೆಟ್ಟಿದೆ ಎಂದು ಮನೆಯವರು ಬಿಟ್ಟವರು, ಬಸ್ ನಿಲ್ದಾಣದಲ್ಲಿ ಸಿಕ್ಕವರು ಅಲ್ಲಿರುತ್ತಿದ್ದರು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಬಿಳಿ ಕೋಟನ್ನು ನಾನೇ ಒಗೆದು, ನಾನೇ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದೆ, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಪೈಲವಾನನ ಸುದ್ದಿ ನಮಗೆ ತಂದವಳು ಅವನ ಅಕ್ಕ. ಬಬಲೇಶ್ವರದಲ್ಲಿ ಹಿಟ್ಟಿನ ಗಿರಣಿ ನಡೆಸುವ ವಿಧವೆ. ತಮ್ಮ ಒಂದು ಕಾಲದಲ್ಲಿ ತಿಕೋಟದ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಬೆಳೆದ ಕುಸ್ತಿಪಟು, ಸುತ್ತಿನ ಊರುಗಳಲ್ಲಿ ಹೆಸರು ಮಾಡಿದವನು. ಆಮೇಲೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನತೊಡಗಿದ, ಊಟದಲ್ಲಿ ವಿಷ ಇದೆ ಎಂದ, ಅಣ್ಣನ ಹೆಂಡತಿಯ ಕೈ ಮುರಿದ. ಅಂದಿನಿಂದ ಶೆಡ್ಡಿನ ಕಂಬಕ್ಕೆ ಕಟ್ಟಿಹಾಕಿದ್ದರು. ಅಕ್ಕ ನಮ್ಮ ಸಭಾಪಾಲಕರ ಮನೆ ಬಾಗಿಲಲ್ಲಿ ಕುಳಿತುಬಿಟ್ಟಳು. ಅವರು ಮನೋರೋಗ ತಜ್ಞರ ಬಳಿಗೆ ಹೋದರು. ಮನುಷ್ಯನಿಗೆ ಸರಪಳಿ ಹಾಕುವುದು ಕಾನೂನಿನ ಪ್ರಕಾರ ಅಪರಾಧವಾದ್ದರಿಂದ ದಾರಿ ಸಲೀಸಾಯಿತು. ಅಕ್ಕ ಜವಾಬುದಾರಳು ಎಂದು ಸಹಿ ಮಾಡಿದಳು. ಡಾಕ್ಟರು, ಚಾಚಾ, ನಾನು ಮೂವರೂ ವ್ಯಾನಿನಲ್ಲಿ ಹೊರಟೆವು.

ಶೆಡ್ಡಿನ ಒಳಗೆ ಹುಳಿತ ದ್ರಾಕ್ಷಿಯ ನಾತಕ್ಕಿಂತ ಅವನ ಕಾಲಿನ ನಾತ ಹೆಚ್ಚಿತ್ತು. ಎಡಗಾಲಿನ ಹರಡಿಗೆ ಎತ್ತು ಕಟ್ಟುವ ಸರಪಳಿ. ಅದರ ಒಂದು ಕೊಂಡಿ ಮಾಂಸದೊಳಗೆ ಹೂತು ಹೋಗಿತ್ತು. ಚಾಚಾ ಒಳ್ಳೆಯ ಮಾತಿನಿಂದ ಹತ್ತಿರ ಹೋದರು. ಪೈಲವಾನ ಸಡಿಲವಾಗಿದ್ದ ಸರಪಳಿಯನ್ನು ಎತ್ತಿ ಬೀಸಿದ. ಚಾಚಾರ ಮುಂದಿನ ಹಲ್ಲುಗಳು ಮಣ್ಣಿಗೆ ಬಿದ್ದವು. ಅಣ್ಣ ಒಳಗೆ ನುಗ್ಗಿ ಬಾರಕೋಲಿನಿಂದ ತಮ್ಮನ ಬೆನ್ನ ಮೇಲೆ ಹೊಡೆಯತೊಡಗಿದ. ಆ ಕೈಗೆ ರೂಢಿಯಾಗಿತ್ತು ಎಂದು ಹೊಡೆತದ ಲಯದಲ್ಲೇ ಗೊತ್ತಾಗುತ್ತಿತ್ತು. ಡಾಕ್ಟರು ಅವನ ಕೈ ಹಿಡಿದರು. ಕೊನೆಗೆ ದ್ರಾಕ್ಷಿ ಹರವುವ ತಾಡಪತ್ರಿಯನ್ನು ಪೈಲವಾನನ ಮೇಲೆ ಎಸೆದು, ಆಳುಗಳೆಲ್ಲ ಮೇಲೆ ಬಿದ್ದು, ಬಟ್ಟೆಯ ಮೇಲಿಂದಲೇ ತೊಡೆಗೆ ನಿದ್ದೆಯ ಸೂಜಿ ಚುಚ್ಚಿದೆ. ಅವನು ಸಡಿಲಾಗುವ ಮೊದಲು ತಲೆಯಿಂದ ಗುದ್ದಿದ. ನನ್ನ ಮೂಗು ಮುರಿಯಿತು. ಸರಪಳಿಯನ್ನು ಗ್ರೈಂಡರಿನಿಂದ ಕತ್ತರಿಸಿದೆವು. ಕಿಡಿ ಅವನ ಕಾಲ ಮೇಲೆ ಬೀಳದಂತೆ ಒದ್ದೆ ಗೋಣಿಚೀಲ ಹಿಡಿದುಕೊಂಡಿದ್ದವನು ನಾನು. ನನ್ನ ಮೂಗಿನ ರಕ್ತ ಆ ಚೀಲದ ಮೇಲೆಯೇ ಸುರಿಯುತ್ತಿತ್ತು.

ಅವನನ್ನು ಆಶ್ರಯಧಾಮಕ್ಕೆ ತಂದೆವು. ಕಾಲಿನ ಗಾಯದಲ್ಲಿ ಹುಳ ಬಿದ್ದಿದ್ದವು, ಆದರೂ ಅದು ನನಗೆ ತಿಳಿದ ಕೆಲಸ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಇಟ್ಟರೆ ಹುಳಗಳು ಉಸಿರುಗಟ್ಟಿ ಮೇಲೆ ಬರುತ್ತವೆ. ಒಂದೊಂದನ್ನೇ ಚಿಮಟದಿಂದ ತೆಗೆಯಬೇಕು, ಸತ್ತ ಮಾಂಸ ಕತ್ತರಿಸಬೇಕು, ಸಲೈನಿನಲ್ಲಿ ತೊಳೆಯಬೇಕು. ಮತ್ತಿನಲ್ಲಿದ್ದಾಗ ಅವನು ಕಾಲು ಕೊಡುತ್ತಿದ್ದ. ಎಚ್ಚರಾದಾಗ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಡಿಗೆಯವಳು ತಂದ ಬಿಸಿ ಸಾರು ಅವಳ ಎದೆಗೇ ಬಿತ್ತು. ಗುಳಿಗೆ ಉಗುಳುತ್ತಿದ್ದ. ಅಕ್ಕ ವಾರಕ್ಕೊಮ್ಮೆ ಬಂದು ರೊಟ್ಟಿ ಮುರಿದು, ಅರ್ಧ ತಾನು ತಿಂದು ತೋರಿಸಿದರೆ ಉಳಿದರ್ಧ ತಿನ್ನುತ್ತಿದ್ದ. ಅಷ್ಟೇ ಅವನ ನಂಬಿಕೆ.

ಗುಳಿಗೆ ನುಂಗದವರಿಗೆ ತಿಂಗಳಿಗೊಮ್ಮೆ ಹಾಕುವ ಸೂಜಿಮದ್ದು ಇದೆ. ಎಣ್ಣೆಯಲ್ಲಿ ಕಲಸಿದ ಮದ್ದು. ಸೂಜಿ ದಪ್ಪ. ಮದ್ದು ಮಂದವಾಗಿರುವುದರಿಂದ ಅವಸರದಲ್ಲಿ ಒತ್ತಲಾಗುವುದಿಲ್ಲ. ರೋಗಿಯನ್ನು ಬೋರಲು ಮಲಗಿಸಿ, ಪೃಷ್ಠದ ಮೇಲ್ಭಾಗದ ಹೊರಮಗ್ಗುಲಿಗೆ, ಚರ್ಮ ಒಂದು ಕಡೆ ಎಳೆದು ಹಿಡಿದು, ನಿಧಾನವಾಗಿ ಇಳಿಸಬೇಕು. ಅಷ್ಟು ಹೊತ್ತು ರೋಗಿ ಅಲುಗಾಡಬಾರದು. ನಾವು ಕಾಲೇಜಿನಲ್ಲಿ ಕಲಿತಂತೆ ಒಬ್ಬ ಮಣಿಕಟ್ಟು ಹಿಡಿಯುತ್ತಿದ್ದ, ಒಬ್ಬ ಕುತ್ತಿಗೆಯ ಹಿಂಭಾಗ ಹಿಡಿದು ಬಗ್ಗಿಸುತ್ತಿದ್ದ, ಉಳಿದವರು ಕಾಲ ಮೇಲೆ ಕೂರುತ್ತಿದ್ದರು. ಮೊದಲ ಸಲ ಹಾಗೆ ಹಿಡಿದಾಗ ಪೈಲವಾನ ಒಬ್ಬನನ್ನು ಗೋಡೆಗೆ, ಇನ್ನೊಬ್ಬನನ್ನು ಮಂಚದ ಮೇಲಿಂದಾಚೆಗೆ ಒಗೆದ. ಬೋರಲು ಬಿದ್ದ ಮೇಲಂತೂ ಮೈಯೆಲ್ಲ ಕಬ್ಬಿಣ ಮಾಡಿಕೊಂಡು ನೆಲಕ್ಕೆ ಕಚ್ಚಿಕೊಂಡ. ಸೂಜಿ ಒಳಗೇ ಬಾಗಿತು. ಅರ್ಧ ಮದ್ದು ಚರ್ಮದ ಮೇಲೆ ಹರಿದುಹೋಯಿತು. ಕಟ್ಟಲೆಂದು ಅಂಗಾತ ತಿರುಗಿಸಲು ಹೋದಾಗ ಅವನು ಹಾಕಿದ ಕೂಗು ಕೆರೆಯ ದಂಡೆಯ ತನಕ ಕೇಳಿಸಿತಂತೆ.

ಮುಂದಿನ ಸಲ ಇನ್ನೂ ಕೆಟ್ಟದ್ದಾಯಿತು. ಪೈಲವಾನ ಚಾಚಾರ ಕುತ್ತಿಗೆಯನ್ನು ತೋಳಿನ ಸಂದಿಯಲ್ಲಿ ಸಿಕ್ಕಿಸಿದ. ಚಾಚಾರ ಕಣ್ಣು ಮೇಲೆ ಹೋಯಿತು. ಬಿಡಿಸಿಕೊಂಡವರೇ ಮೂಲೆಯಲ್ಲಿದ್ದ ಬಿದಿರು ಬಡಿಗೆ ತೆಗೆದುಕೊಂಡು ಅವನ ತಲೆಗೆ ಹಾಕಿದರು. ನೆತ್ತಿ ಸೀಳಿತು. ಅವನ ತಲೆಗೆ ಹೊಲಿಗೆ ಹಾಕುವಾಗ ಚಾಚಾ ಪಕ್ಕದಲ್ಲಿ ಕುಳಿತು ತಮ್ಮ ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದರು. ತಾನೂ ಮನೆಮಠ ಇದ್ದವನು, ಇಲ್ಲಿ ಸಾಯಲಿಕ್ಕೆ ಬಂದಿಲ್ಲ ಎಂದರು. ಅದು ಸುಳ್ಳಾಗಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಕುಳಿತರು. ಸೇವೆ ಮಾಡುವುದು ಸರಿ, ಆದರೆ ಒಬ್ಬನ ಸಲುವಾಗಿ ಉಳಿದವರ ಪ್ರಾಣ ಹೋಗಬಾರದು ಎಂಬುದು ಅವರ ಮಾತು. ಅಣ್ಣನಿಗೂ ಹೇಳಿಕಳಿಸಿದ್ದರು. ಅವನು ವ್ಯಾನು ತಂದು ಕರೆದೊಯ್ಯುತ್ತೇನೆ ಎಂದಿದ್ದ. ಹಾಗೆ ಹೋದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾನೂನಿನವರು ತಿಂಗಳಿಗೊಮ್ಮೆ ಬಂದು ನೋಡಿಯಾರು, ಶೆಡ್ಡಿನ ಕಂಬ ಅಲ್ಲೇ ಇರುತ್ತದೆ. ಈ ಸಲ ಕಾಲು ಉಳಿಯುವುದಿಲ್ಲ, ಕಾಲು ಹೋದರೆ ಅವನೂ ಉಳಿಯುವುದಿಲ್ಲ. ಸಭಾಪಾಲಕರು ಮುಂದಿನ ಸೂಜಿಯ ತನಕ ಮಾತ್ರ ಅವಕಾಶ ಕೇಳಿ ಪಡೆದರು. ಹೊರಗೆ ಬಂದು ನನ್ನನ್ನು ಕರೆದರು. ನಿಮ್ಮಿಂದ ಆಗದಿದ್ದರೆ ಆಗದು ಎನ್ನಿ, ಅದೇನು ಪಾಪವಲ್ಲ ಎಂದರು. ಆಗದು ಎನ್ನಲು ನನಗೆ ಬಾಯಿ ಬರಲಿಲ್ಲ. ಅದರಲ್ಲಿ ಭಕ್ತಿ ಎಷ್ಟಿತ್ತೋ, ಸೊಕ್ಕು ಅದಕ್ಕಿಂತ ಹೆಚ್ಚಿತ್ತು.

ಸೂಜಿಯ ದಿನ ಚಾಚಾ ಮತ್ತು ನಾನು ಒಳಗೆ ಹೋದೆವು. ನೆಲ ಆಗಷ್ಟೇ ಒರೆಸಿ ಒದ್ದೆಯಿತ್ತು. ನಾನು ಎಂದಿನಂತೆ ಅವನ ಮಣಿಕಟ್ಟಿಗೆ ಕೈ ಹಾಕಿದೆ. ಅವನ ಇನ್ನೊಂದು ಕೈ ನನ್ನ ಕುತ್ತಿಗೆಗೆ ಬಂತು. ಕಾಲಿಗೆ ಕಾಲು ಸಿಕ್ಕಿತು. ನಾನು ಜಾರಿ ಅಂಗಾತ ಬಿದ್ದೆ. ತಲೆ ನೆಲಕ್ಕೆ ಬಡಿದು ಕತ್ತಲೆ ಬಂತು. ಎದೆಯ ಮೇಲೆ ಅವನ ಮೊಣಕಾಲು ಬಿತ್ತು. ಚಾಚಾ ಬಡಿಗೆಗೆ ಓಡಿದರು. ಮುಗಿಯಿತು ಎಂದುಕೊಂಡೆ.

ಹೊಡೆತ ಬೀಳಲಿಲ್ಲ. ಪೈಲವಾನ ತಲೆಯೆತ್ತಿ ಸುತ್ತ ನೋಡಿದ, ಬಾಗಿಲ ಕಡೆಗೆ, ಕಿಟಕಿಯ ಕಡೆಗೆ. ಯಾರೋ ಬಂದು ತನ್ನ ಕೈ ಎತ್ತಿ ಹಿಡಿಯಬೇಕು ಎನ್ನುವವನಂತೆ. ಯಾರೂ ಬರದಿದ್ದಾಗ ತಾನೇ ಎದ್ದ. ಬಗ್ಗಿ ನನ್ನ ಕೈ ಹಿಡಿದು ಎಬ್ಬಿಸಿದ. ನನ್ನ ಬೆನ್ನ ಮೇಲೆ ಎರಡು ಸಲ ತಟ್ಟಿ ಇಲ್ಲದ ಮಣ್ಣು ಕೊಡವಿದ. ಹೋಗಿ ಮಂಚದ ಮೇಲೆ ಕುಳಿತ. ಅಷ್ಟು ದಿನಗಳಲ್ಲಿ ಅವನ ಮುಖದಲ್ಲಿ ಮೊದಲ ಸಲ ದಣಿವು ಮಾತ್ರ ಇತ್ತು, ಭಯ ಇರಲಿಲ್ಲ.

ಬಡಿಗೆ ಹಿಡಿದು ಬಂದ ಚಾಚಾರನ್ನು ಕೈಸನ್ನೆಯಿಂದ ತಡೆದೆ. ನಾನೂ ವಿಜಯಪುರದವನೇ. ಉರುಸು, ಹಬ್ಬ ಎಂದರೆ ಕುಸ್ತಿ ನೋಡಿ ಬೆಳೆದವನೇ. ಮಣಿಕಟ್ಟಿಗೆ ಕೈ, ಕುತ್ತಿಗೆಗೆ ಕೈ: ಕಣದಲ್ಲಿ ಕುಸ್ತಿ ಶುರುವಾಗುವುದೇ ಹಾಗೆ. ಬೆನ್ನು ನೆಲಕ್ಕೆ ಹತ್ತಿದರೆ ಸೋಲು, ಕುಸ್ತಿ ಅಲ್ಲಿಗೆ ಮುಗಿಯಿತು. ಬೋರಲು ಬಿದ್ದ ಪೈಲವಾನ ಸೋತವನಲ್ಲ. ಬೆನ್ನು ಮಣ್ಣಿಗೆ ಹತ್ತಬಾರದೆಂದು ಜೀವ ಬಿಗಿಹಿಡಿದು ಮಲಗುತ್ತಾನೆ. ಅಂಗಾತ ತಿರುಗಿಸಿದರೆ ಅವನ ಮಾನ ಹೋದಂತೆ. ನಾವು ಪ್ರತಿಸಲ ಅವನನ್ನು ಕುಸ್ತಿಗೆ ಕರೆದಿದ್ದೆವು, ನಾಲ್ಕು ಜನ ಸೇರಿ ಮೋಸದ ಕುಸ್ತಿ ಹಿಡಿದಿದ್ದೆವು, ಯಾವುದನ್ನೂ ಮುಗಿಸಿರಲಿಲ್ಲ. ಮುಗಿಯದ ಕುಸ್ತಿಯಲ್ಲಿ ಅವನು ಹಗಲುರಾತ್ರಿ ನಿಂತಿದ್ದ.

ಸೂಜಿ ನೆಲದ ಮೇಲೆ ಬಿದ್ದಿತ್ತು. ಹೊಸದು ತುಂಬಿದೆ. "ಕುಸ್ತಿ ಮುಗೀತಲ್ರಿ ಪೈಲವಾನ್ರ, ಇನ್ನ ಮದ್ದು ಹಾಕಲೇನು?" ಎಂದೆ. ಅವನು ಮಂಚದ ಮೇಲೆ ತಾನಾಗಿಯೇ ಬೋರಲಾದ. ಮದ್ದು ಪೂರ್ತಿ ಇಳಿಯಿತು.

ಚಾಚಾ ಹೊರಗೆ ಬಂದು ಬಡಿಗೆಯನ್ನು ಗೋಡೆಗೆ ಒರಗಿಸಿದರು. "ಹಂಗಾರ ಪ್ರತಿ ತಿಂಗಳಾ ನೀವು ಬೀಳೂದೇನ್ರಿ? ಇದಕ್ಕ ಬಿ.ಎಸ್ಸಿ. ಯಾಕ ಬೇಕಿತ್ತು, ನಾನೂ ಬೀಳ್ತಿದ್ದೆ" ಎಂದರು. ನನಗೆ ನಗು ಬರಲಿಲ್ಲ. ಕೋಟಿನ ಬೆನ್ನಿಗೆ ಒದ್ದೆಯ ಕಲೆ ಹತ್ತಿತ್ತು. ಕಿಟಕಿಯಲ್ಲಿ ಉಳಿದ ರೋಗಿಗಳು, ಅಡಿಗೆಯವಳು ನಿಂತು ನೋಡಿದ್ದರು. ಬ್ರದರ್ ಬ್ರದರ್ ಎಂದು ಗೌರವ ಕೊಡುತ್ತಿದ್ದವರ ಮುಂದೆ ಕಾಲು ಮೇಲಾಗಿ ಬಿದ್ದಿದ್ದೆ. ಸೇವೆ ಎಂಬ ಮಾತನ್ನು ನಾನು ಎಳೆತನದಿಂದ ಕೇಳಿದವನು. ಗುರುವಾದ ಯೇಸುಸ್ವಾಮಿಯೇ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ಪ್ರತಿ ವರ್ಷ ಕೇಳುತ್ತೇವೆ, ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಆದರೆ ನನ್ನ ಸೇವೆಯೆಲ್ಲ ನಿಂತುಕೊಂಡು ಮಾಡುವ ಸೇವೆಯಾಗಿತ್ತು. ಹುಳ ತೆಗೆದೆ, ಕೀವು ತೊಳೆದೆ, ಎಲ್ಲವನ್ನೂ ಮೇಲಿನಿಂದ ಮಾಡಿದೆ. ಕೆಳಗಿನಿಂದ ಮಾಡುವುದು ಬೇರೆಯೇ ಕೆಲಸ ಎಂದು ಅವತ್ತು ಬೆನ್ನಿಗೆ ತಿಳಿಯಿತು. ತಲೆಗೆ ತಿಳಿಯಲು ಇನ್ನೂ ಹೊತ್ತು ಹಿಡಿಯಿತು.

ಹಿರಿಯರು ಇನ್ನಷ್ಟು ತಿಂಗಳು ಒಪ್ಪಿದರು. ಕುಸ್ತಿಯ ಕಣಕ್ಕೆಂದು ಬೇವಿನ ಮರದ ಕೆಳಗೆ ನೆಲ ಅಗೆದು ಕೆಂಪು ಮಣ್ಣು ತಂದು ಹಾಕಿಸಿದೆ. ಚಾಚಾ ಗೊಣಗುತ್ತಲೇ ಸಲಿಕೆ ಹಿಡಿದರು.

ಮುಂದಿನ ಸೂಜಿಗೆ ನಾನು ಜಾಣತನ ಮಾಡಿದೆ. ಅವನು ಕುತ್ತಿಗೆಗೆ ಕೈ ಹಾಕುತ್ತಲೇ ನಾನಾಗಿಯೇ ಮೆಲ್ಲಗೆ ಮಲಗಿಬಿಟ್ಟೆ. ಬಟ್ಟೆ ಕೊಳೆಯಾಗುತ್ತದೆಂದು ಕೋಟು ಮೊದಲೇ ತೆಗೆದಿಟ್ಟಿದ್ದೆ. ಪೈಲವಾನ ಒಂದು ಕ್ಷಣ ನಿಂತ. ಆಮೇಲೆ ನನ್ನ ಪಕ್ಕೆಗೆ ಒದ್ದ. ಕೂದಲು ಹಿಡಿದು ಎಬ್ಬಿಸಿ ಕೆನ್ನೆಗೆ ಹೊಡೆದ, ಬಾಯಿ ತುಂಬ ರಕ್ತವಾಯಿತು.

"ಮಾಡ್ತಿದ್ರ ಕುಸ್ತಿ ಮಾಡಲೇ," ಎಂದ. "ನನ್ನ ಚಾಷ್ಟಿ ಮಾಡಬ್ಯಾಡ."

ನಮ್ಮ ಆಶ್ರಯಧಾಮಕ್ಕೆ ಬಂದ ಮೇಲೆ ಅವನು ಆಡಿದ ಮೊದಲ ಸರಿಯಾದ ಮಾತು ಅದು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಅವನಿಗೆ ಗೆಲುವನ್ನು ಭಿಕ್ಷೆಯ ಹಾಗೆ ಎಸೆದಿದ್ದೆ. ರಕ್ತ ಉಗುಳಿ, ಮಣ್ಣು ಕೈಗೆ ಹಚ್ಚಿಕೊಂಡು ಮತ್ತೆ ಕೈ ಕೊಟ್ಟೆ. ಈ ಸಲ ಇದ್ದ ಶಕ್ತಿಯನ್ನೆಲ್ಲ ಹಾಕಿದೆ. ಅವನು ಸೊಂಟದ ಮೇಲೆ ನನ್ನನ್ನು ಎತ್ತಿ ಮಣ್ಣಿಗೆ ಬಡಿದ. ಆಮೇಲೆ ಎಬ್ಬಿಸಿ, ಬೆನ್ನು ಕೊಡವಿ, ಹೋಗಿ ಬೋರಲು ಮಲಗಿದ. ಕೈಯ ಮಣ್ಣು ತೊಳೆದುಕೊಂಡು ಸೂಜಿ ಹಾಕಿದೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಬೀಳುವಾಗ ಗದ್ದ ಎದೆಗೆ ಒತ್ತಿಕೊಳ್ಳಬೇಕು, ಅಂಗೈಯಿಂದ ನೆಲ ಬಡಿಯಬೇಕು, ಉಸಿರು ಬಿಟ್ಟಿರಬೇಕು. ಸೂಜಿ ಇಲ್ಲದ ದಿನಗಳಲ್ಲೂ ಒಮ್ಮೊಮ್ಮೆ ಕಿವಿಯ ಮಾತು ಜೋರಾಗಿ ಅವನು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಾಗ ಕೈ ಕೊಡುತ್ತಿದ್ದೆ. ಬಿದ್ದ ಮೇಲೆ ಅವನು ಶಾಂತನಾಗುತ್ತಿದ್ದ. ಮದ್ದು ರಕ್ತದಲ್ಲಿ ನಿಂತಂತೆ ಕಿವಿಯ ಮಾತು ಸಣ್ಣದಾಯಿತು. ಮದ್ದಿನ ಅಡ್ಡಪರಿಣಾಮದಿಂದ ಮೈ ಬಿಗಿದುಕೊಂಡು ಜೊಲ್ಲು ಸುರಿಯುತ್ತಿತ್ತು. ಅದಕ್ಕೆ ಬೇರೆ ಗುಳಿಗೆ ಬೇಕಾಗಿತ್ತು. ಅದನ್ನೂ ನನ್ನ ಕೈಯಿಂದ ತೆಗೆದುಕೊಳ್ಳತೊಡಗಿದ. ಕಾಲಿನ ಗಾಯ ಕೆಂಪು ಮಾಂಸ ತುಂಬಿ ಅಂಚಿನಿಂದ ಮುಚ್ಚತೊಡಗಿತು.

ಎಲ್ಲ ಸುಸೂತ್ರ ಎನ್ನುವಾಗ ನನ್ನ ಕೊರಳೆಲುಬು, ಹೆಗಲಿಗೆ ಸೇರುವ ಮೂಳೆ, ಮುರಿಯಿತು. ತಪ್ಪು ಅವನದಲ್ಲ, ನಾನು ಕೈ ತಪ್ಪಾಗಿ ಊರಿದ್ದೆ. ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಮನೆಯಲ್ಲಿ ತಾಯಿ ಕಟ್ಟು ನೋಡಿ, ನಿನ್ನನ್ನು ಓದಿಸಿದ್ದು ಇದಕ್ಕೇನು ಎಂದು ಕೇಳಿದಳು. ಮರುದಿನ ಬುತ್ತಿ ಕಟ್ಟಿ ಕಳಿಸಿದಳು. ಸಭೆಯ ಹಿರಿಯರು ಮತ್ತೆ ಕೂಡುವ ಮಾತಾಡಿದರು.

ಆ ತಿಂಗಳ ಸೂಜಿಗೆ ಕೊರಳಿಗೆ ಜೋಲಿ ಕಟ್ಟಿಕೊಂಡೇ ಹೋದೆ. ನನ್ನ ಬದಲು ಬೀಳಲು ಬೇರೆ ಯಾರೂ ಒಪ್ಪಿರಲಿಲ್ಲ. ಒಂದೇ ಕೈ ಚಾಚಿದೆ. ಪೈಲವಾನ ಜೋಲಿಯನ್ನು ನೋಡಿದ. ಮುರಿದ ಹೆಗಲ ಕಡೆಗೆ ಬರದೆ, ಈಚೆ ಪಕ್ಕಕ್ಕೆ ಬಂದು, ನನ್ನ ನಡು ಹಿಡಿದು, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮಣ್ಣಿನ ಮೇಲೆ ಇಳಿಸಿದ. ಬೆನ್ನು ಹತ್ತಿತೋ ಇಲ್ಲವೋ ಎಂದು ಕೈಯಾಡಿಸಿ ನೋಡಿದ. ಚಾಚಾ ಬೇವಿನ ಮರಕ್ಕೆ ಮುಖ ಮಾಡಿ ನಿಂತುಬಿಟ್ಟರು.

ನಾನು ಡಾಕ್ಟರಿಗೆ ಫೋನ್ ಮಾಡಿ, ಇವನು ಅಕ್ಕನ ಮನೆಯಲ್ಲಿ ಇರಬಲ್ಲ, ಬಂದು ನೋಡಿ ಎಂದೆ. ಅವರು ನಂಬಲಿಲ್ಲ. ಕಟ್ಟದೆ, ನಿದ್ದೆಯ ಮದ್ದು ಕೊಡದೆ, ತಮ್ಮ ಕಣ್ಣ ಮುಂದೆ ಸೂಜಿ ಹಾಕಿ ತೋರಿಸಬೇಕು, ಆಗ ಮಾತ್ರ ಪ್ರಮಾಣಪತ್ರ ಕೊಡುತ್ತೇನೆ ಎಂದರು. ಅಣ್ಣನೂ ಬಂದು ನೋಡಲಿ ಎಂದರು. ಇಲ್ಲದಿದ್ದರೆ ಅವನ ತಕರಾರು ಮುಗಿಯುವುದಿಲ್ಲ.

ಹೀಗೆ ನಾವು ವಿಜಯಪುರದ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋದೆವು. ಹೆಗಲು ಕೂಡಿ ಸ್ವಲ್ಪವೇ ದಿನವಾಗಿತ್ತು. ಅಲ್ಲಿ ಕೆಂಪು ಮಣ್ಣಿಲ್ಲ, ಹಾಸುಗಲ್ಲಿನ ನೆಲ. ನನ್ನ ತಾಯಿ ಎಷ್ಟೋ ವರ್ಷ ಒರೆಸಿದ ನೆಲವದು. ಡಾಕ್ಟರ ಕೋಣೆಯ ಬಾಗಿಲಲ್ಲಿ ನನಗೆ ಪಾಠ ಹೇಳಿದ ಮೇಡಂ ತಮ್ಮ ವಿದ್ಯಾರ್ಥಿನಿಯರ ಗುಂಪಿನೊಂದಿಗೆ ನಿಂತಿದ್ದರು. ಇವನು ನನ್ನ ಒಳ್ಳೆಯ ವಿದ್ಯಾರ್ಥಿ, ನೋಡಿ ಕಲಿಯಿರಿ ಎಂದು ಅವರಿಗೆ ಹೇಳಿದರು. ಒಂದು ಗೋಡೆಗೆ ಅಕ್ಕ, ಎದುರು ಗೋಡೆಗೆ ಅಣ್ಣ. ಜನ ನೋಡಿ ಪೈಲವಾನನ ಉಸಿರು ಏರತೊಡಗಿತು. ಕೈ ಮುಷ್ಟಿಯಾಯಿತು. ಒಬ್ಬ ವಾರ್ಡ್‌ಬಾಯ್ ಅವನ ಕುತ್ತಿಗೆಯ ಹಿಂದೆ ಕೈ ಹಾಕಲು ಬಂದ. ಪೈಲವಾನ ಅವನನ್ನು ತಳ್ಳಿದ ರಭಸಕ್ಕೆ ಸ್ಟೀಲಿನ ಟ್ರೇ ಹಾರಿ, ಸ್ಟೂಲು ಮುರಿಯಿತು. ಹುಡುಗಿಯರು ಕಿರುಚಿದರು. ಅಣ್ಣ ಸಿದ್ಧನಾಗಿದ್ದವನಂತೆ ಸೊಂಟದ ಬೆಲ್ಟು ಬಿಚ್ಚಿಕೊಂಡು ಮುಂದೆ ಬಂದ. ನೋಡಿದಿರೇನ್ರಿ ಎಂದು ಡಾಕ್ಟರಿಗೆ ಹೇಳುತ್ತ ಬೆಲ್ಟು ಎತ್ತಿದ. ಆ ಏಟು ಅಡ್ಡ ಬಂದ ನನ್ನ ಕಿವಿಗೆ ಬಿತ್ತು.

ಕಿವಿ ಗುಂಯ್ ಎನ್ನುತ್ತಿತ್ತು. ನಾನು ಮೇಡಂ ಅವರ ಮುಖ ನೋಡಲಿಲ್ಲ. ಕೋಟು ತೆಗೆಯಲೂ ಹೋಗಲಿಲ್ಲ. ಪೈಲವಾನನ ಎದುರು ನಿಂತು ಕೈ ಚಾಚಿದೆ. ಅವನು ಹಿಡಿದ. ಕುತ್ತಿಗೆಗೆ ಕೈ ಹಾಕಿದ. ನಾನೂ ಹಾಕಿ, ಇದ್ದ ಬಲವೆಲ್ಲ ಸೇರಿಸಿ ತಳ್ಳಿದೆ. ಅವನ ಕಾಲು ನನ್ನ ಕಾಲ ಹಿಂದೆ ಬಂತು. ನೆಲ ಮೇಲೇರಿ ಬರುವಂತೆ ಕಂಡಿತು, ಇನ್ನು ತಲೆ ಒಡೆಯುತ್ತದೆ ಎಂದುಕೊಂಡೆ. ಬೆನ್ನು ಕಲ್ಲಿಗೆ ಬಡಿಯಿತು. ತಲೆ ಬಡಿಯಲಿಲ್ಲ. ಅವನ ಅಂಗೈ ನನ್ನ ಹಿಂದಲೆಯ ಕೆಳಗಿತ್ತು. ಬೆರಳ ಗಂಟುಗಳು ಕಲ್ಲಿಗೆ ಉಜ್ಜಿ ಚರ್ಮ ಕಿತ್ತಿತ್ತು.

ಅವನು ನನ್ನನ್ನು ಎಬ್ಬಿಸಿ ಕೋಟು ಕೊಡವಿದ. ಪರೀಕ್ಷೆಯ ಮಂಚದ ಮೇಲೆ ಹೋಗಿ ಬೋರಲು ಮಲಗಿದ. ನಾನು ಕೈ ತೊಳೆದುಕೊಂಡು ಸೂಜಿ ತುಂಬಿ, ಚರ್ಮ ಎಳೆದು ಹಿಡಿದು, ನಿಧಾನವಾಗಿ ಮದ್ದು ಇಳಿಸಿದೆ. ಮೇಡಂ ತಮ್ಮ ಹುಡುಗಿಯರಿಗೆ ಮುಂದೆ ಬಂದು ನೋಡಲು ಹೇಳಿದರು.

ಡಾಕ್ಟರು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತರು. ಬ್ರದರನ್ನು ಯಾಕೆ ಕೆಡವಿದೆ ಎಂದು ಕೇಳಿದರು.

"ಕುಸ್ತಿ ಮುಗೀಬೇಕಲ್ರಿ," ಎಂದ ಪೈಲವಾನ. "ಮುಗದ ಮ್ಯಾಲ ಯಾರೂ ಯಾರಿಗೂ ಹೊಡ್ಯಾಂಗಿಲ್ಲ."

"ಕಿವಿಯಾಗ ಮಾತು ಕೇಳಸ್ತಾವೇನು ಇನ್ನೂ?"

"ಕೇಳಸ್ತಾವ್ರಿ. ಕೆಡವು, ಕೆಡವು ಅಂತಾವ. ಕೆಡವಿದ್ನಲ್ರಿ, ಈಗ ಸುಮ್ನದಾವ."

ಡಾಕ್ಟರು ಬಹಳ ಪ್ರಶ್ನೆ ಕೇಳಿದರು. ಮದ್ದು ಯಾಕೆ, ನಿಲ್ಲಿಸಿದರೆ ಏನಾಗುತ್ತದೆ, ಸಿಟ್ಟು ಬಂದರೆ ಯಾರಿಗೆ ಹೇಳುತ್ತೀ. ಅವನು ತಡೆದು ತಡೆದು ಉತ್ತರ ಹೇಳಿದ. ಕಾಲಿನ ಕಲೆ ನೋಡಿದರು. ಅಣ್ಣ ನಡುವೆ ಬಾಯಿ ಹಾಕಿದಾಗ, ಕೈಯಲ್ಲಿರುವ ಬೆಲ್ಟು ಮೊದಲು ಸೊಂಟಕ್ಕೆ ಕಟ್ಟಿಕೊಳ್ಳಿ ಎಂದಷ್ಟೇ ಹೇಳಿದರು. ಆಮೇಲೆ ಬರೆದರು: ಈ ವ್ಯಕ್ತಿ ಮನೆಯವರೊಂದಿಗೆ, ಯಾವುದೇ ಬಂಧನವಿಲ್ಲದೆ ಬದುಕಲು ಯೋಗ್ಯ. ತಿಂಗಳಿನ ಸೂಜಿ ಬಬಲೇಶ್ವರದ ಸರಕಾರಿ ದವಾಖಾನೆಯಲ್ಲಿ ಮುಂದುವರಿಸತಕ್ಕದ್ದು.

ಸಹಿ ಮಾಡಿ, ಮೊಹರು ಒತ್ತಿ, ಕಾಗದವನ್ನು ನನ್ನ ಕೈಗೆ ಕೊಟ್ಟರು. ಅದನ್ನು ನಾನು ಅಕ್ಕನಿಗೆ ಕೊಟ್ಟೆ. ಅವಳು ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬಾರದು, ಆದರೂ ಮೇಲಿಂದ ಕೆಳಗಿನ ತನಕ ನೋಡಿದಳು. ಬಬಲೇಶ್ವರದ ದವಾಖಾನೆಯ ನರ್ಸ್‌ಬಾಯಿಗೆ ಎಲ್ಲ ವಿವರಿಸಿ ಹೇಳುತ್ತೇನೆ, ಆದರೆ ಸೂಜಿಗೆ ಮೊದಲು ಬೀಳಬೇಕೆಂಬ ಆ ಒಂದು ಮಾತು ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ ಎಂದೆ.

"ಆಕೀಗಿ ಏನೂ ಹೇಳಬ್ಯಾಡ್ರಿ ಬ್ರದರ್," ಎಂದಳು. "ಆಕಿ ಸೂಜಿ ಹಾಕ್ಲಿ, ನಾ ಬೀಳ್ತೀನಿ. ತಾಲೀಮಿಗಿ ಹೋಗೂಕಿಂತ ಮದಲ ಮನ್ಯಾಗ ಅಂವ ಕೆಡವಿದ್ದು ನನ್ನನ್ನ ಅಲ್ಲೇನ್ರಿ?"